ಬದುಕಿ ಬಂದವರ ಈಜು

2008ರ ಆಗಸ್ಟ್ 21ರಂದು ಬೀಜಿಂಗ್ ಹೊರವಲಯದ ಶುನ್ಯಿಯಲ್ಲಿ ಗಂಡಸರ 10 ಕಿಲೋಮೀಟರ್ ಈಜು ನಡೆಯಿತು. ಕೊಳದೊಳಗಿನ ಈಜಲ್ಲ, ಬಯಲು ನೀರಿನದು. ಒಲಿಂಪಿಕ್ಸ್‌ಗೆ ಈ ಸ್ಪರ್ಧೆ ಸೇರಿದ್ದೇ ಆ ವರ್ಷ. ಬ್ರಿಟನ್ನಿನ ಡೇವಿಡ್ ಡೇವಿಸ್ ಹೆಚ್ಚೂಕಮ್ಮಿ ಉದ್ದಕ್ಕೂ ಮುಂದಿದ್ದರು. ಅಷ್ಟು ಹೊತ್ತೂ ಗುಂಪಿನ ನಡುವೆ ಸದ್ದಿಲ್ಲದೆ ಕೈಬೀಸುತ್ತಿದ್ದ ನೆದರ್‌ಲೆಂಡ್ಸ್‌ನ ಈಜುಗಾರರೊಬ್ಬರು ಕೊನೆಯ ಹಂತದಲ್ಲಿ ಮುನ್ನುಗ್ಗಿ ಬಂದರು. ಎರಡು ಮೀಟರಿಗೂ ಮೀರಿದ ಎತ್ತರದ ಆಳು. 1 ಗಂಟೆ 51 ನಿಮಿಷ 51.6 ಸೆಕೆಂಡಿಗೆ ಗುರಿ ಮುಟ್ಟಿದರು. ಡೇವಿಸ್ ಒಂದೂವರೆ ಸೆಕೆಂಡ್ ಹಿಂದೆ ಬಿದ್ದರು.

ಗೆದ್ದವರ ಹೆಸರು ಮಾರ್ಟೆನ್ ವಾನ್ ಡೆರ್ ವೈಡೆನ್. ಅದಕ್ಕೂ ಏಳು ವರ್ಷ ಹಿಂದೆ, ಇಪ್ಪತ್ತರ ವಯಸ್ಸಿನಲ್ಲಿ, ಅವರಿಗೆ ಬ್ಲಡ್ ಕ್ಯಾನ್ಸರ್ ಇರುವುದು ಗೊತ್ತಾಗಿತ್ತು. ಕೀಮೋ ಆಗಿತ್ತು, ಸ್ಟೆಮ್ ಸೆಲ್ ಕಸಿ ಆಗಿತ್ತು. ಅಂಥವರು ಒಲಿಂಪಿಕ್ ಚಿನ್ನ ಗೆದ್ದರೆ ಜಗತ್ತಿನ ಪತ್ರಿಕೆಗಳು ಏನು ಬರೆಯುತ್ತವೆ ಎಂದು ಯಾರು ಬೇಕಾದರೂ ಊಹಿಸಬಹುದು: ಛಲದಿಂದ ಸಾವನ್ನು ಮಣಿಸಿದ ವೀರ. ಬಹುಪಾಲು ಪತ್ರಿಕೆಗಳು ಬರೆದದ್ದೂ ಹಾಗೆಯೇ. ಆದರೆ ಮಾರ್ಟೆನ್ ಅದನ್ನು ಒಪ್ಪಲಿಲ್ಲ. ಆ ಕಾಲಕ್ಕೆ ಕ್ಯಾನ್ಸರ್ ಗೆದ್ದ ಆಟಗಾರ ಅಂದರೆ ಸೈಕಲ್ ಸವಾರ ಲಾನ್ಸ್ ಆರ್ಮ್‌ಸ್ಟ್ರಾಂಗ್. ಅವರ ಜತೆ ಹೋಲಿಸಿದಾಗ ಮಾರ್ಟೆನ್ ನೇರವಾಗಿಯೇ ಹೇಳಿದರು. ಧನಾತ್ಮಕವಾಗಿ ಯೋಚಿಸಿದರೆ, ಆಟವಾಡಿದರೆ ಕ್ಯಾನ್ಸರಿನಿಂದ ಪಾರಾಗಬಹುದು ಅನ್ನುವುದು ನಿಜವಲ್ಲ. ಹಾಗೆ ಹೇಳುವುದು ಅಪಾಯ ಕೂಡ. ಏಕೆಂದರೆ ಸತ್ತವರು ಸರಿಯಾಗಿ ಯೋಚಿಸಲಿಲ್ಲ ಎಂದು ಅದರರ್ಥವಾಗುತ್ತದೆ. ತನ್ನನ್ನು ಉಳಿಸಿದ್ದು ವೈದ್ಯರು, ತನ್ನ ಪಾಲಿಗೆ ಅದೃಷ್ಟವಿತ್ತು, ಅಷ್ಟೆ. ಇದು ಅವರ ಮಾತಿನ ಸಾರ.

ಚಿನ್ನದ ಪದಕ ಕೊರಳಿಗೆ ಬಿದ್ದ ಹೊತ್ತಿನಲ್ಲಿ ಈ ಮಾತು ಆಡುವುದು ಸುಲಭವಲ್ಲ. ಎದುರಿಗಿದ್ದವರು ಕೇಳಲು ಬಂದಿದ್ದೇ ಬೇರೆ ಕಥೆಯನ್ನು. ಕ್ಯಾನ್ಸರಿನಿಂದ ಪಾರಾಗಿ ಆಟಕ್ಕೂ ಸೇವೆಗೂ ಇಳಿದ ಯುವಕ ಯುವತಿಯರ ಬಗ್ಗೆ ಬರೆಯಹೊರಟಾಗ ನನಗೆ ಮೊದಲು ನೆನಪಾಗುವುದು ಅವರ ಈ ಮಾತು, ಆಮೇಲೆ ಪದಕ.

ಅವರಿಗೆ ಬಂದಿದ್ದು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲುಕೇಮಿಯಾ. ಮೂಳೆಯೊಳಗಿನ ಮಜ್ಜೆಯಲ್ಲಿ ಬಲಿಯದ ಬಿಳಿ ರಕ್ತಕಣಗಳು ಲಂಗುಲಗಾಮಿಲ್ಲದೆ ಹುಟ್ಟುತ್ತಾ, ಕೆಂಪು ಕಣಗಳಿಗೂ ಪ್ಲೇಟ್‌ಲೆಟ್‌ಗಳಿಗೂ ಜಾಗವಿಲ್ಲದಂತೆ ಮಾಡುವ ಕಾಯಿಲೆ. ಮಕ್ಕಳಲ್ಲಿ ಕಾಣುವ ಕ್ಯಾನ್ಸರುಗಳಲ್ಲಿ ಇದೇ ಹೆಚ್ಚು. ಸುಸ್ತು, ಬಿಡದ ಜ್ವರ, ಮೈಮೇಲೆ ಕಾರಣವಿಲ್ಲದೆ ಮೂಡುವ ನೀಲಿ ಕಲೆಗಳು, ಮೂಳೆ ನೋವು. ಎಂಟು ದಶಕದ ಹಿಂದೆ ಈ ರೋಗ ಬಂದ ಮಗು ಕೆಲವೇ ತಿಂಗಳಲ್ಲಿ ತೀರಿಕೊಳ್ಳುತ್ತಿತ್ತು. ತಂದೆ ತಾಯಿ ಎಷ್ಟೇ ಧೈರ್ಯವಂತರಾಗಿರಲಿ, ಮಗು ಎಷ್ಟೇ ಚೂಟಿಯಾಗಿರಲಿ. ಈಗ ಅನುಕೂಲವಂತ ದೇಶಗಳಲ್ಲಿ ಈ ರೋಗ ಬಂದ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳು ಉಳಿಯುತ್ತವೆ. ಆ ಕಾಲದ ಮಕ್ಕಳಿಗಿಂತ ಈ ಕಾಲದ ಮಕ್ಕಳ ಛಲ ಹೆಚ್ಚಾಯಿತೇ? ಇಲ್ಲ. ನಡುವೆ ಔಷಧ ಬಂತು.

ಆ ಔಷಧದ ಕಥೆಯಲ್ಲಿ ನಮ್ಮ ನೆರೆಯವರೊಬ್ಬರಿದ್ದಾರೆ. ಆಂಧ್ರದ ಭೀಮಾವರದಲ್ಲಿ ಹುಟ್ಟಿ, ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ಯಲ್ಲಪ್ರಗಡ ಸುಬ್ಬರಾವ್. ಲೆಡರ್ಲಿ ಕಂಪನಿಯ ಪ್ರಯೋಗಾಲಯದಲ್ಲಿ ಅವರ ತಂಡ ಫೋಲಿಕ್ ಆಮ್ಲಕ್ಕೆ ಅಡ್ಡಗಾಲು ಹಾಕುವ ರಾಸಾಯನಿಕಗಳನ್ನು ತಯಾರಿಸಿತು. ಕ್ಯಾನ್ಸರ್ ಕೋಶ ಒಡೆದು ಎರಡಾಗಲು ಫೋಲಿಕ್ ಆಮ್ಲ ಬೇಕು. ಅದು ಸಿಗದಂತೆ ಮಾಡಿದರೆ ಕೋಶದ ಬೆಳವಣಿಗೆ ನಿಲ್ಲುತ್ತದೆ ಎಂಬುದು ಲೆಕ್ಕಾಚಾರ. ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅಂಥದ್ದೊಂದು ರಾಸಾಯನಿಕವನ್ನು ಲುಕೇಮಿಯಾದ ಮಕ್ಕಳಿಗೆ ಕೊಟ್ಟು ನೋಡಿದರು. 1948ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿದ್ದದ್ದು 16 ಮಕ್ಕಳು. 10 ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತ್ತು. ಆ ಮಕ್ಕಳು ಕೊನೆಗೆ ಉಳಿಯಲಿಲ್ಲ. ಆದರೆ ಈ ರೋಗ ಔಷಧಕ್ಕೆ ಬಗ್ಗುತ್ತದೆ ಎಂಬುದು ಮೊದಲ ಬಾರಿಗೆ ಗೊತ್ತಾಯಿತು. ಸುಬ್ಬರಾವ್ ಅದೇ ವರ್ಷ ತೀರಿಕೊಂಡರು. ಅವರ ತಂಡದ ಇನ್ನೊಂದು ಔಷಧ ಮೆಥೊಟ್ರೆಕ್ಸೇಟ್ ಇವತ್ತಿಗೂ ಲುಕೇಮಿಯಾ ಚಿಕಿತ್ಸೆಯಲ್ಲಿದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ರಾಯಚೂರಿನಿಂದಲೋ ಬೀದರಿನಿಂದಲೋ ಮಗುವನ್ನು ಕರೆತರುವ ಅಪ್ಪ ಅಮ್ಮನ ಕೈಯಲ್ಲಿರುವ ಚೀಟಿಯಲ್ಲಿ ಆ ಹೆಸರು ಇರುತ್ತದೆ. ಸುಬ್ಬರಾವ್ ಅವರ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ.

ಛಲವೇ ರೋಗ ವಾಸಿಮಾಡುವ ಹಾಗಿದ್ದರೆ ಕೆನಡಾದ ಟೆರಿ ಫಾಕ್ಸ್ ಇವತ್ತು ಅರವತ್ತು ದಾಟಿದ ಅಜ್ಜನಾಗಿರುತ್ತಿದ್ದ. 1977ರಲ್ಲಿ, 18ರ ಹರೆಯದಲ್ಲಿ, ಮೂಳೆ ಕ್ಯಾನ್ಸರಿನಿಂದ ಅವನ ಬಲಗಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಬೇಕಾಯಿತು. ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಹುಡುಗ. ಕೀಮೋ ನಡೆಯುವಾಗಲೇ ಗಾಲಿಕುರ್ಚಿಯ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸೇರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ. ಅವನನ್ನು ಹೆಚ್ಚು ಕಾಡಿದ್ದು ವಾರ್ಡಿನಲ್ಲಿ ಕಂಡ ಇತರ ರೋಗಿಗಳು, ಅದರಲ್ಲೂ ಚಿಕ್ಕ ಮಕ್ಕಳು. ಬದುಕುಳಿಯುವ ಸಾಧ್ಯತೆ ಅರ್ಧಕ್ಕರ್ಧ ಎಂದು ವೈದ್ಯರು ಅವನಿಗೆ ಹೇಳಿದ್ದರು. ಎರಡು ವರ್ಷ ಮೊದಲಾಗಿದ್ದರೆ ಅದು ನೂರಕ್ಕೆ 15 ಮಾತ್ರ ಇರುತ್ತಿತ್ತಂತೆ. ಎರಡೇ ವರ್ಷದ ಸಂಶೋಧನೆ ತನ್ನ ಆಯಸ್ಸಿನ ಲೆಕ್ಕವನ್ನೇ ಬದಲಿಸಿದ್ದನ್ನು ಆ ಹುಡುಗ ಚೆನ್ನಾಗಿ ತಿಳಿದುಕೊಂಡ. 1980ರ ಏಪ್ರಿಲ್ 12ರಂದು ಅಟ್ಲಾಂಟಿಕ್ ಸಾಗರದಲ್ಲಿ ಕೃತಕ ಕಾಲನ್ನು ಅದ್ದಿ, ಕೆನಡಾದ ಈ ತುದಿಯಿಂದ ಆ ತುದಿಗೆ ಓಡಲು ಶುರುಮಾಡಿದ. ದಿನಕ್ಕೆ ಸುಮಾರು 42 ಕಿಲೋಮೀಟರ್, ಅಂದರೆ ದಿನಕ್ಕೊಂದು ಮ್ಯಾರಥಾನ್. ಕೃತಕ ಕಾಲಿನ ಕಡೆ ಒಂದು ಹೆಜ್ಜೆ, ನೆಟ್ಟಗಿರುವ ಕಾಲಿನ ಕಡೆ ಎರಡು ಕುಪ್ಪಳಿಕೆ. ಪ್ರತಿ ಕೆನಡಿಯನ್ ತಲಾ ಒಂದು ಡಾಲರ್ ಕೊಡಿ ಎಂಬುದು ಅವನ ಬೇಡಿಕೆ.

143 ದಿನ, 5,373 ಕಿಲೋಮೀಟರ್ ಓಡಿದ ಮೇಲೆ, ಸೆಪ್ಟೆಂಬರ್ 1ರಂದು ಥಂಡರ್ ಬೇ ಎಂಬ ಊರಿನ ಹತ್ತಿರ ಅವನಿಗೆ ಉಸಿರು ಕಟ್ಟಿತು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿತ್ತು. ಮುಂದಿನ ಫೆಬ್ರುವರಿಯ ಹೊತ್ತಿಗೆ ಎರಡು ಕೋಟಿ ನಲವತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿತ್ತು. ಆಗ ಕೆನಡಾದ ಜನಸಂಖ್ಯೆಯೂ ಸುಮಾರು ಅಷ್ಟೇ, ಕೇಳಿದ್ದು ಸಿಕ್ಕಿತು. 1981ರ ಜೂನ್ 28ರಂದು, 23 ತುಂಬುವ ಮೊದಲೇ, ಟೆರಿ ತೀರಿಕೊಂಡ. ಅವನ ಹೆಸರಿನಲ್ಲಿ ವರ್ಷವರ್ಷ ನಡೆಯುವ ಓಟಗಳಿಂದ ಈವರೆಗೆ 85 ಕೋಟಿ ಕೆನಡಾ ಡಾಲರಿಗೂ ಹೆಚ್ಚು ಹಣ ಸಂಶೋಧನೆಗೆ ಹೋಗಿದೆ.

ಟೆರಿಗಿಂತ ಗಟ್ಟಿ ಮನಸ್ಸಿನವರನ್ನು ಎಲ್ಲಿಂದ ತರೋಣ? ಅವನು ಉಳಿಯಲಿಲ್ಲ. ಮಾರ್ಟೆನ್ ಉಳಿದರು. ಇಬ್ಬರ ನಡುವಿನ ವ್ಯತ್ಯಾಸ ರೋಗದ ಬಗೆಯದು, ಕಾಲದ್ದು, ಔಷಧದ್ದು, ಮತ್ತು ಯಾರ ಕೈಯಲ್ಲೂ ಇಲ್ಲದ ಅದೃಷ್ಟದ್ದು.

ಯುವರಾಜ್ ಸಿಂಗ್ ಅವರ ಕಥೆ ನಮಗೆಲ್ಲ ಗೊತ್ತಿರುವಂಥದ್ದು. 2011ರ ವಿಶ್ವಕಪ್‌ನಲ್ಲಿ 362 ರನ್, 15 ವಿಕೆಟ್. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ಐರ್ಲೆಂಡ್ ವಿರುದ್ಧ ಐದು ವಿಕೆಟ್ ಕಿತ್ತು, ಔಟಾಗದೆ ಅರ್ಧಶತಕವನ್ನೂ ಹೊಡೆದಿದ್ದರು. ವಿಶ್ವಕಪ್‌ನ ಒಂದೇ ಪಂದ್ಯದಲ್ಲಿ ಇವೆರಡನ್ನೂ ಯಾರೂ ಅದುವರೆಗೆ ಮಾಡಿರಲಿಲ್ಲ. ಆ ದಿನಗಳಲ್ಲಿ ಅವರು ಕೆಮ್ಮುತ್ತಾ, ವಾಂತಿ ಮಾಡುತ್ತಾ ಆಡಿದ್ದರು ಎಂಬುದನ್ನು ನಾವೆಲ್ಲ ನೆನಪಿಟ್ಟಿದ್ದೇವೆ. ಎರಡು ಶ್ವಾಸಕೋಶಗಳ ನಡುವೆ ಬೆಳೆದಿದ್ದ ಗಡ್ಡೆ ಸೆಮಿನೋಮ ಎಂಬ ಬಗೆಯದು ಎಂದು ಆಮೇಲೆ ತಿಳಿಯಿತು. 2012ರ ಆರಂಭದಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಕೀಮೋ ಪಡೆದರು. ಅಲ್ಲಿ ಅವರನ್ನು ನೋಡಿದವರು ಡಾ. ಲಾರೆನ್ಸ್ ಐನ್‌ಹಾರ್ನ್. ವೃಷಣ ಕ್ಯಾನ್ಸರ್ ಮತ್ತು ಅದೇ ಜಾತಿಯ ಗಡ್ಡೆಗಳಿಗೆ ಸಿಸ್‌ಪ್ಲಾಟಿನ್ ಎಂಬ ಔಷಧವನ್ನು ಬೇರೆ ಔಷಧಗಳ ಜತೆ ಕೊಡುವ ಕ್ರಮವನ್ನು 1974ರಲ್ಲಿ ಶುರುಮಾಡಿದವರು ಅವರೇ. ಅದಕ್ಕೂ ಮುಂಚೆ ಮೈಯೆಲ್ಲ ಹರಡಿದ ಈ ಕ್ಯಾನ್ಸರಿನಿಂದ ಉಳಿಯುತ್ತಿದ್ದವರು ಬಹಳ ಕಡಿಮೆ. ಆಮೇಲೆ ಬಹುಪಾಲು ರೋಗಿಗಳು ಗುಣವಾಗತೊಡಗಿದರು.

ಆರ್ಮ್‌ಸ್ಟ್ರಾಂಗ್ 1996ರಲ್ಲಿ ಚಿಕಿತ್ಸೆಗೆ ಹೋದದ್ದೂ ಅದೇ ಊರಿಗೆ. ಅಲ್ಲಿನ ವೈದ್ಯರು ಒಂದು ಸೂಕ್ಷ್ಮವನ್ನು ಗಮನಿಸಿದರು. ಸಾಮಾನ್ಯವಾಗಿ ಕೊಡುವ ಮೂರು ಔಷಧಗಳಲ್ಲಿ ಬ್ಲಿಯೊಮೈಸಿನ್ ಶ್ವಾಸಕೋಶವನ್ನು ಗಟ್ಟಿಯಾಗಿಸಬಲ್ಲದು. ಸೈಕಲ್ ತುಳಿಯುವವನಿಗೆ ಅದು ಬೇಡವೆಂದು ಬೇರೊಂದು ಔಷಧ ಆರಿಸಿದರು. ರೋಗಿ ಮುಂದೆ ಏನು ಮಾಡಬಯಸುತ್ತಾನೆ ಎಂಬುದು ಚಿಕಿತ್ಸೆಯ ಲೆಕ್ಕದೊಳಗೆ ಬಂದದ್ದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಮುಂದೆ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಅವರ ಏಳೂ ಟೂರ್ ಡಿ ಫ್ರಾನ್ಸ್ ಪ್ರಶಸ್ತಿಗಳನ್ನು ಕಿತ್ತುಕೊಂಡರು, ಕಿತ್ತುಕೊಳ್ಳಬೇಕಾದದ್ದೇ. ಅವರ ಸೈಕಲ್ಲಿನ ಕಥೆ ಸುಳ್ಳಾದರೂ ಅವರನ್ನು ಉಳಿಸಿದ ಔಷಧದ ಕಥೆ ಸುಳ್ಳಲ್ಲ.

ಯುವರಾಜ್ 2012ರ ಸೆಪ್ಟೆಂಬರಿನಲ್ಲೇ ಚೆನ್ನೈಯಲ್ಲಿ ನ್ಯೂಜಿಲೆಂಡ್ ವಿರುದ್ಧ ಮತ್ತೆ ಭಾರತಕ್ಕೆ ಆಡಿದರು. 2017ರಲ್ಲಿ ಕಟಕ್‌ನಲ್ಲಿ ಇಂಗ್ಲೆಂಡ್ ವಿರುದ್ಧ 150 ಹೊಡೆದರು; ಏಕದಿನ ಪಂದ್ಯಗಳಲ್ಲಿ ಅವರ ಅತಿಹೆಚ್ಚಿನ ಮೊತ್ತ ಅದು. ಜತೆಗೆ ‘ಯೂವೀಕ್ಯಾನ್’ ಪ್ರತಿಷ್ಠಾನದ ಮೂಲಕ ಕ್ಯಾನ್ಸರ್ ತಪಾಸಣೆ, ಜಾಗೃತಿಯ ಕೆಲಸಕ್ಕಿಳಿದರು.

ಹಾಗಾದರೆ ಆಟದಿಂದ ಏನೂ ಆಗುವುದಿಲ್ಲವೇ? ಆಗುತ್ತದೆ, ಮತ್ತು ಈಗ ಅದಕ್ಕೆ ಗಟ್ಟಿ ಪುರಾವೆಗಳಿವೆ. ಹಿಂದೆ ಕೀಮೋ ಆದವರಿಗೆ ವೈದ್ಯರೂ ಮನೆಯವರೂ ಹೇಳುತ್ತಿದ್ದದ್ದು ಒಂದೇ: ಮಲಗು, ಆಯಾಸ ಮಾಡಿಕೊಳ್ಳಬೇಡ. ಚಿಕಿತ್ಸೆಯ ನಂತರ ಉಳಿಯುವ ಸುಸ್ತು ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ. ಮಲಗಿದಷ್ಟೂ ಸ್ನಾಯು ಕರಗಿ ಅದು ಇನ್ನೂ ಹೆಚ್ಚುತ್ತದೆ. ವಾರಕ್ಕೆ ಮೂರು ಸಲ ಅರ್ಧ ಗಂಟೆ ಚುರುಕು ನಡಿಗೆಯಂಥ ವ್ಯಾಯಾಮ, ಎರಡು ಸಲ ಸ್ನಾಯುಬಲ ಹೆಚ್ಚಿಸುವ ಕಸರತ್ತು ಮಾಡಿದರೆ ಸುಸ್ತು, ಆತಂಕ, ಖಿನ್ನತೆ ಕಡಿಮೆಯಾಗುತ್ತವೆ ಎಂದು 2019ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಸ್ಪಷ್ಟ ಸಲಹೆ ಕೊಟ್ಟಿತು. 2025ರಲ್ಲಿ ಇನ್ನೂ ದೊಡ್ಡ ಸುದ್ದಿ ಬಂತು. ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕೀಮೋ ಮುಗಿಸಿದ 889 ಮಂದಿಯ ಮೇಲೆ ನಡೆದ ಅಧ್ಯಯನವದು. ಅರ್ಧದಷ್ಟು ಜನರಿಗೆ ಮೂರು ವರ್ಷ ತರಬೇತುದಾರರ ಕಣ್ಗಾವಲಿನಲ್ಲಿ ವ್ಯಾಯಾಮ. ಉಳಿದವರಿಗೆ ಆರೋಗ್ಯದ ಪುಸ್ತಿಕೆ ಮಾತ್ರ. ಎಂಟು ವರ್ಷದ ಲೆಕ್ಕದಲ್ಲಿ ವ್ಯಾಯಾಮದ ಗುಂಪಿನಲ್ಲಿ ಶೇಕಡಾ 90 ಮಂದಿ ಬದುಕಿದ್ದರು, ಇನ್ನೊಂದರಲ್ಲಿ ಶೇಕಡಾ 83.

ಇದು ಮಾರ್ಟೆನ್ ಮಾತಿಗೆ ವಿರುದ್ಧವಾಯಿತಲ್ಲ ಎಂದು ಕೇಳಬಹುದು. ಆಗಲಿಲ್ಲ. ಆ ಅಧ್ಯಯನದಲ್ಲಿದ್ದವರೆಲ್ಲರೂ ಮೊದಲು ಆಪರೇಷನ್ ಮಾಡಿಸಿಕೊಂಡವರು, ಕೀಮೋ ಮುಗಿಸಿದವರು. ಚಿಕಿತ್ಸೆ ಆದಮೇಲೆ ವ್ಯಾಯಾಮ ನೆರವಾಯಿತೇ ಹೊರತು ಚಿಕಿತ್ಸೆಯ ಬದಲಿಗೆ ಅಲ್ಲ. ಅದೂ ಒಂದು ಬಗೆಯ ಕ್ಯಾನ್ಸರಿನಲ್ಲಿ, ದೊಡ್ಡವರಲ್ಲಿ. ಈ ಗೆರೆಯನ್ನು ಅಳಿಸಿ, ಓಡಿದರೆ ಕ್ಯಾನ್ಸರ್ ಓಡುತ್ತದೆ ಎಂದು ವಾಟ್ಸಾಪಿನಲ್ಲಿ ಹಂಚುವವರು ಕೀಮೋ ಬಿಟ್ಟು ಊರಿಗೆ ಹೊರಡಲು ನೆಪ ಹುಡುಕುತ್ತಿರುವ ಬಡ ರೋಗಿಗೆ ದೊಡ್ಡ ಅನ್ಯಾಯ ಮಾಡುತ್ತಾರೆ.

ಮಕ್ಕಳ ವಿಷಯ ಇನ್ನೂ ನಾಜೂಕು. ಲುಕೇಮಿಯಾಕ್ಕೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧ ನರಗಳಿಗೆ ಪೆಟ್ಟು ಕೊಡುತ್ತದೆ. ಅಂಥ ಮಗು ನಡೆಯುವಾಗ ಪಾದದ ಮುಂಭಾಗ ಎತ್ತಲು ಬಾರದೆ ಬೆರಳು ನೆಲಕ್ಕೆ ತಾಗುತ್ತದೆ, ಚಪ್ಪಲಿ ಗೊತ್ತಾಗದಂತೆ ಕಾಲಿನಿಂದ ಜಾರುತ್ತದೆ, ಮೆಟ್ಟಿಲು ಹತ್ತುವಾಗ ಕಂಬಿ ಬೇಕಾಗುತ್ತದೆ. ನೋಡಿದವರು ಮಗು ಸೋಮಾರಿ ಅಂದುಕೊಳ್ಳುತ್ತಾರೆ. ಸ್ಟಿರಾಯ್ಡ್‌ನಿಂದ ಸೊಂಟದ ಕೀಲಿಗೆ ರಕ್ತ ಹರಿಯುವುದು ನಿಂತು ಮೂಳೆ ಸವೆಯಬಹುದು. ಕೆಂಪು ಬಣ್ಣದ ಔಷಧ ಡಾಕ್ಸೊರುಬಿಸಿನ್ ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಹುದು, ಅದು ಎಷ್ಟೋ ವರ್ಷಗಳ ನಂತರ ಬೆಳಕಿಗೆ ಬರಬಹುದು. ಅದಕ್ಕೇ ಗುಣವಾದ ಮಕ್ಕಳಿಗೂ ಆಗಾಗ ಎಕೋ ಪರೀಕ್ಷೆ ಬೇಕು. ಜೋರು ಆಟಕ್ಕೆ ಇಳಿಸುವ ಮೊದಲು ವೈದ್ಯರ ಒಪ್ಪಿಗೆ ಬೇಕು. ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ಕಬಡ್ಡಿಯಂಥ ಮೈತಾಗಿಸುವ ಆಟ ಕೂಡದು. ಔಷಧ ಕೊಡಲೆಂದು ತೋಳಿನಲ್ಲೋ ಎದೆಯಲ್ಲೋ ಹಾಕಿದ ನಳಿಕೆ ಹೊರಗಿರುವಷ್ಟು ದಿನ ಈಜಿಗೆ ಇಳಿಯುವಂತಿಲ್ಲ, ಸೋಂಕಿನ ಭಯ.

ಈ ಎಚ್ಚರಿಕೆಗಳೇ ನಮ್ಮ ಶಾಲೆಗಳಲ್ಲಿ ಪೂರ್ಣ ನಿಷೇಧವಾಗಿ ಬದಲಾಗುತ್ತವೆ ಅನ್ನುವುದು ನನ್ನ ಸಂಕಟ. ಚಿಕಿತ್ಸೆ ಮುಗಿದು ಕೂದಲು ಮತ್ತೆ ಬಂದು ಮಗು ತರಗತಿಗೆ ಹಿಂತಿರುಗುತ್ತದೆ. ಪಿ.ಟಿ. ಪೀರಿಯಡ್ ಬಂದಾಗ ಮೇಷ್ಟ್ರು ಅಕ್ಕರೆಯಿಂದಲೇ ಅದನ್ನು ಮರದ ಕೆಳಗೆ ಕೂರಿಸುತ್ತಾರೆ. ನೀನು ಆಡಬೇಡ ಪುಟ್ಟಾ, ಸ್ಕೋರ್ ಬರೆದುಕೊ. ಮನೆಯಲ್ಲಿ ಅಜ್ಜಿಯೂ ಅದನ್ನೇ ಹೇಳುತ್ತಾರೆ. ವಾರಗಟ್ಟಲೆ ಆಸ್ಪತ್ರೆಯ ಹಾಸಿಗೆಯಲ್ಲಿ ಕಿಟಕಿ ನೋಡುತ್ತಾ ಮಲಗಿದ್ದ ಮಗುವಿಗೆ ಮತ್ತೆ ಕೂರುವ ಶಿಕ್ಷೆ. ಒಂದು ಚೀಟಿ ಸಾಕು. ವೈದ್ಯರು ಇಂಥ ಆಟ ಆಡಬಹುದು, ಇಂಥದ್ದು ಬೇಡ ಎಂದು ಬರೆದುಕೊಟ್ಟರೆ, ಪೋಷಕರು ಅದನ್ನು ಶಾಲೆಗೆ ತಲುಪಿಸಿದರೆ, ಅನುಮಾನಕ್ಕೆ ಜಾಗವಿರುವುದಿಲ್ಲ. ಫಾಲೋಅಪ್‌ಗೆ ಹೋದಾಗ ಬ್ಲಡ್ ರಿಪೋರ್ಟಿನ ಜತೆ ಈ ಚೀಟಿಯನ್ನೂ ಕೇಳಿ ಪಡೆಯಿರಿ ಎಂದು ಇದನ್ನು ಓದುತ್ತಿರುವ ಪ್ರತಿ ತಂದೆ ತಾಯಿಯನ್ನೂ ಬೇಡಿಕೊಳ್ಳುತ್ತೇನೆ.

ಮಾರ್ಟೆನ್‌ಗೆ ಮರದ ಕೆಳಗೆ ಕೂರಿಸುವವರು ಇರಲಿಲ್ಲ. ಚಿಕಿತ್ಸೆ ಮುಗಿಸಿ 2003ರಲ್ಲಿ ನೀರಿಗೆ ಮರಳಿದರು. ಮರುವರ್ಷ ನೆದರ್‌ಲೆಂಡ್ಸ್‌ನ ಐಸೆಲ್‌ಮೀರ್ ಸರೋವರವನ್ನು ಈಜಿ ದಾಟಿ ಕ್ಯಾನ್ಸರ್ ಸಂಶೋಧನೆಗೆ 50,000 ಯೂರೊ ಕೂಡಿಸಿದರು. ಚಿನ್ನ ಗೆಲ್ಲುವುದಕ್ಕೂ ನಾಲ್ಕು ವರ್ಷ ಮುಂಚಿನ ಮಾತಿದು. ಹೆಸರು ಬಂದಮೇಲೆ ಸೇವೆಗೆ ಇಳಿದವರಲ್ಲ ಅವರು. ಈಜು ಮತ್ತು ಹಣ ಕೂಡಿಸುವ ಕೆಲಸ ಮೊದಲಿನಿಂದಲೂ ಜತೆಜತೆಗೇ ಇದ್ದವು. ಬೀಜಿಂಗ್‌ನ ಸ್ಪರ್ಧೆಯಲ್ಲಿ ಗುಂಪಿನ ನಡುವೆ ಕಾದಿದ್ದು ಸರಿಯಾದ ಹೊತ್ತಿಗೆ ಮುನ್ನುಗ್ಗಿದ ತಂತ್ರದ ಬಗ್ಗೆ ಅವರು ಹೇಳಿದ್ದೂ ಸ್ವಾರಸ್ಯವಾಗಿದೆ. ಆಸ್ಪತ್ರೆಯಲ್ಲಿ ನೋವು, ಸುಸ್ತಿನಲ್ಲಿ ಮಲಗಿದಾಗ ಮುಂದಿನ ವಾರ, ಮುಂದಿನ ತಿಂಗಳು ಎಂದು ಯೋಚಿಸಲಾಗದು, ಮುಂದಿನ ಒಂದು ಗಂಟೆಯನ್ನಷ್ಟೇ ಯೋಚಿಸಬೇಕು. ಆ ತಾಳ್ಮೆಯೇ ಇಲ್ಲಿಯೂ ಕೈಹಿಡಿಯಿತು ಎಂದರು. ಕಾಯಿಲೆಯನ್ನು ಛಲದಿಂದ ಗೆದ್ದೆ ಅನ್ನಲು ಒಪ್ಪದವರು, ಕಾಯಿಲೆ ತನಗೆ ಕಲಿಸಿದ್ದನ್ನು ಹೇಳಲು ಹಿಂಜರಿಯಲಿಲ್ಲ.

ನೆದರ್‌ಲೆಂಡ್ಸ್‌ನ ಉತ್ತರದ ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ಹನ್ನೊಂದು ಪುರಾತನ ಪಟ್ಟಣಗಳನ್ನು ಕಾಲುವೆಗಳು ಪೋಣಿಸಿವೆ. ಚಳಿ ಬಿದ್ದು ಕಾಲುವೆಗಳು ಉದ್ದಕ್ಕೂ ಗಟ್ಟಿಯಾಗಿ ಹೆಪ್ಪುಗಟ್ಟಿದ ವರ್ಷ ಮಾತ್ರ ಅವುಗಳ ಮೇಲೆ ಸುಮಾರು 200 ಕಿಲೋಮೀಟರಿನ ಸ್ಕೇಟಿಂಗ್ ಓಟ ನಡೆಯುತ್ತದೆ. ಮಂಜುಗಡ್ಡೆ ಕನಿಷ್ಠ 15 ಸೆಂಟಿಮೀಟರ್ ದಪ್ಪ ಇರಬೇಕು. 1909ರಲ್ಲಿ ಶುರುವಾದ ಆ ಓಟ ಕೊನೆಯದಾಗಿ ನಡೆದದ್ದು 1997ರಲ್ಲಿ. ಆಮೇಲೆ ಅಂಥ ಚಳಿಯೇ ಬಿದ್ದಿಲ್ಲ. ಡಚ್ಚರಿಗೆ ಅದು ಓಟಕ್ಕಿಂತ ಹೆಚ್ಚಿನದು, ಊರೂರೇ ದಡದಲ್ಲಿ ಸೇರುವ ಜಾತ್ರೆ. ಆ ದಾರಿಯನ್ನು ಬೇಸಿಗೆಯಲ್ಲಿ ಈಜಿ ಮುಗಿಸುತ್ತೇನೆಂದು ಮಾರ್ಟೆನ್ ಹೊರಟರು. 2018ರ ಆಗಸ್ಟ್ 18ರಂದು ಲೇವಾರ್ಡೆನ್ ಪಟ್ಟಣದಲ್ಲಿ ನೀರಿಗಿಳಿದರು.

ಕಾಲುವೆಯ ನೀರು ಈಜುಕೊಳದ ನೀರಲ್ಲ. ಅಲ್ಲಿ ಕೆಸರಿದೆ, ಪಾಚಿಯಿದೆ, ದೋಣಿಗಳ ಕೊಳಕಿದೆ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇದೆ. ಸಣ್ಣ ಸಣ್ಣ ವಿರಾಮ ಬಿಟ್ಟರೆ ಹಗಲು ರಾತ್ರಿ ಈಜು. ಪಕ್ಕದ ದೋಣಿಯಿಂದ ಆಹಾರ ಕೊಡುತ್ತಾರೆ. ಅದು ಹೊಟ್ಟೆಯಲ್ಲಿ ನಿಲ್ಲಬೇಕು. ದಡದುದ್ದಕ್ಕೂ, ಸೇತುವೆಗಳ ಮೇಲೆ ಜನ. 55 ಗಂಟೆ, 163 ಕಿಲೋಮೀಟರ್ ಆದಾಗ ವೈದ್ಯರು ಸಾಕು ಎಂದರು, ಮೈ ಸೋತಿತ್ತು. ಅವರನ್ನು ನೀರಿನಿಂದ ಮೇಲೆತ್ತಿದರು. ಗುರಿ ಇನ್ನೂ ದೂರವಿತ್ತು. ಆದರೂ ಆ ಈಜಿಗೆ ಜನ ಕೊಟ್ಟದ್ದು ಸುಮಾರು 50 ಲಕ್ಷ ಯೂರೊ. ಆ ಹಣ ಕ್ಯಾನ್ಸರ್ ಸಂಶೋಧನೆಗೆ ಹೋಯಿತು.

ಸೋತ ಈಜಿಗೆ ಅಷ್ಟೊಂದು ದೇಣಿಗೆ ಹರಿದು ಬಂದದ್ದು ನನಗೆ ಅವರ ಒಲಿಂಪಿಕ್ ಚಿನ್ನಕ್ಕಿಂತ ದೊಡ್ಡ ಸಂಗತಿ. ಅವತ್ತು ಗೆಲುವನ್ನು ಯಾರೂ ಕೇಳಲಿಲ್ಲ. ಮನೆಯಲ್ಲಿ ಕ್ಯಾನ್ಸರಿಗೆ ಯಾರನ್ನೋ ಕಳೆದುಕೊಂಡವರು, ಆಗಷ್ಟೇ ಕೀಮೋ ಮುಗಿಸಿದವರು ಆ ಜನರಲ್ಲಿ ಎಷ್ಟು ಮಂದಿ ಇದ್ದಿರಬಹುದು! ಅವರೆದುರು ಬಂದದ್ದು ತೀರಾ ದಣಿದ, ಕಣ್ಣು ಬಾತ ಒಬ್ಬ ಮನುಷ್ಯ. ಮಾರ್ಟೆನ್ ಅಲ್ಲಿಗೆ ಬಿಡಲಿಲ್ಲ. ಮರುವರ್ಷ ಜೂನ್ 21ರಂದು ಮತ್ತೆ ನೀರಿಗಿಳಿದರು. ಈ ಸಲ ಕೆಲವು ಭಾಗಗಳಲ್ಲಿ ಸಾಮಾನ್ಯ ಜನ ಅವರ ಜತೆ ಈಜಿ ತಾವೂ ಹಣ ಕೂಡಿಸಿದರು. 74 ಗಂಟೆಯ ನಂತರ, 195 ಕಿಲೋಮೀಟರ್ ಮುಗಿಸಿ, ಜೂನ್ 24ರ ಸಂಜೆ ಲೇವಾರ್ಡೆನ್ ಮುಟ್ಟಿದರು. 60 ಲಕ್ಷ ಯೂರೊಗೂ ಮೀರಿ ಕೂಡಿತು. 2023ರಲ್ಲಿ ಅದೇ ದಾರಿಯನ್ನು ಈಜಿ, ಸೈಕಲ್ ತುಳಿದು, ಓಡಿ, ಒಂದರ ಬೆನ್ನಿಗೊಂದು ಮೂರು ಸುತ್ತು ಮುಗಿಸಿದರು.

ಯಾಕೆ ಇಷ್ಟೆಲ್ಲ? ಅದೇ ಕಾಯಿಲೆಯ ಎಷ್ಟೋ ಮಂದಿ ಹೋದರು, ನಾನು ಉಳಿದೆ ಎಂಬ ಪ್ರಶ್ನೆ ಬದುಕಿ ಬಂದವರಲ್ಲಿ ಅನೇಕರನ್ನು ಬಿಡದೆ ಕಾಡುತ್ತದೆ. ಮಾರ್ಟೆನ್ ಉಳಿದದ್ದಕ್ಕೆ ಅದೃಷ್ಟವೇ ಕಾರಣ ಎಂದು ನಂಬಿದವರು. ಅದೃಷ್ಟದಿಂದ ಸಿಕ್ಕಿದ್ದನ್ನು ತನ್ನದೇ ಸಾಧನೆ ಎಂದು ಇಟ್ಟುಕೊಳ್ಳಲು ಅವರಂಥವರಿಗೆ ಮನಸ್ಸು ಬರುವುದಿಲ್ಲ. ವಿಜ್ಞಾನ ತನ್ನನ್ನು ಉಳಿಸಿತು, ಆದ್ದರಿಂದ ವಿಜ್ಞಾನಕ್ಕೆ ಹಣ. ತನ್ನ ಕೈಗೆ ಬರುವ ಕೆಲಸ ಈಜು, ಆದ್ದರಿಂದ ಈಜು. ಛಲದಿಂದ ಗೆದ್ದೆ ಎಂದುಕೊಂಡವರು ಬೇರೆಯವರಿಗೆ ಛಲದ ಪಾಠ ಹೇಳುತ್ತಾರೆ. ಔಷಧದಿಂದ ಉಳಿದೆ ಎಂದು ತಿಳಿದವರು ಮುಂದಿನವರಿಗೆ ಔಷಧ ಸಿಗುವಂತೆ ಮಾಡುತ್ತಾರೆ. ಈಜುವಾಗಿನ ಖುಷಿಯನ್ನು ಅವರು ಎಲ್ಲೂ ಮುಚ್ಚಿಟ್ಟಿಲ್ಲ. ಋಣ ತೀರಿಸಲು ಹಲ್ಲುಕಚ್ಚಿ ಮಾಡಿದ ತಪಸ್ಸಾಗಿದ್ದರೆ ಇಷ್ಟು ವರ್ಷ ನಡೆಯುತ್ತಿರಲಿಲ್ಲ.

ನಮ್ಮ ದೇಶದಲ್ಲೂ ಬದುಕಿ ಬಂದವರು ಸುಮ್ಮನೆ ಕೂತಿಲ್ಲ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿಸಿದ ಮಕ್ಕಳನ್ನು ವರ್ಷಗಳ ಕಾಲ ಗಮನಿಸಲೆಂದೇ ಒಂದು ಕ್ಲಿನಿಕ್ 1991ರಿಂದ ನಡೆಯುತ್ತಿದೆ. ಬಾಲ್ಯದಲ್ಲಿ ಕ್ಯಾನ್ಸರ್ ದಾಟಿ ಬಂದ ಯುವಕ ಯುವತಿಯರು ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಆಸರೆಯಲ್ಲಿ ‘ಉಗಮ್’ ಎಂಬ ತಂಡ ಕಟ್ಟಿಕೊಂಡು, ಈಗ ಚಿಕಿತ್ಸೆಯಲ್ಲಿರುವ ಮಕ್ಕಳ, ಪೋಷಕರ ನೆರವಿಗೆ ನಿಲ್ಲುತ್ತಾರೆ. ಇಂಥವರ ಬೆಲೆ ವಾರ್ಡಿನಲ್ಲಿ ನಿಂತರೆ ತಿಳಿಯುತ್ತದೆ. ಬೋಳುತಲೆಯ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಗೆ ವೈದ್ಯರು ನೂರು ಸಲ ಗುಣವಾಗುತ್ತದೆ ಅಂದರೂ ಬಾರದ ನಂಬಿಕೆ, ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಬಂದು ನನಗೂ ಇದೇ ಆಗಿತ್ತು ಅಕ್ಕಾ ಅಂದಾಗ ಬರುತ್ತದೆ.

ಇಂಥವರ ನೆರವು ಬೇಕಾಗುವುದು ಸಮಾಧಾನಕ್ಕಷ್ಟೇ ಅಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಲಕ್ಷ ಮಕ್ಕಳಿಗೆ, ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ, ಬಡ ಮತ್ತು ಮಧ್ಯಮ ದೇಶಗಳಲ್ಲಿ 30ಕ್ಕೂ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೋಗ ತಡವಾಗಿ ಗೊತ್ತಾಗುವುದು ಒಂದು ಕಾರಣ, ಚಿಕಿತ್ಸೆಯನ್ನು ನಡುವೆಯೇ ಬಿಟ್ಟು ಹೋಗುವುದು ಇನ್ನೊಂದು. ಲುಕೇಮಿಯಾ ಚಿಕಿತ್ಸೆ ಎರಡು, ಮೂರು ವರ್ಷ ಎಳೆಯುತ್ತದೆ. ಔಷಧ ಸರ್ಕಾರಿ ಯೋಜನೆಯಲ್ಲಿ ಸಿಕ್ಕರೂ ಊರಿಂದ ಬರುವ ಖರ್ಚು, ಉಳಿಯಲು ಜಾಗ, ಊಟ, ಕಳೆದುಕೊಂಡ ಕೂಲಿ, ಮನೆಯಲ್ಲಿ ಬಿಟ್ಟು ಬಂದ ಇನ್ನೊಂದು ಮಗು, ಇವೆಲ್ಲ ಸೇರಿ ಒಂದು ದಿನ ಅಪ್ಪ ಸಾಕು ಎಂದುಬಿಡುತ್ತಾನೆ. ಆ ದಿನ ಪಕ್ಕದಲ್ಲಿ ಒಬ್ಬ ಸ್ವಯಂಸೇವಕ ಇದ್ದರೆ, ಅರ್ಜಿ ತುಂಬಿಸಿ, ಧರ್ಮಶಾಲೆ ತೋರಿಸಿ, ಮುಂದಿನ ಡೇಟಿಗೆ ಫೋನ್ ಮಾಡಿ ಕರೆದರೆ ಮಗು ಉಳಿಯುತ್ತದೆ.

ಬ್ಲಡ್ ಕ್ಯಾನ್ಸರಿನಿಂದ ಗುಣವಾದವರು ರಕ್ತದಾನ ಮಾಡುವಂತಿಲ್ಲ. ಚಿಕಿತ್ಸೆಯ ದಿನಗಳಲ್ಲಿ ಅಪರಿಚಿತರ ರಕ್ತ, ಪ್ಲೇಟ್‌ಲೆಟ್‌ಗಳನ್ನು ಪಡೆದವರು ಅದನ್ನು ಅದೇ ರೂಪದಲ್ಲಿ ಹಿಂತಿರುಗಿಸಲಾರರು. ಆದ್ದರಿಂದಲೇ ಇವರಲ್ಲಿ ಎಷ್ಟೋ ಮಂದಿ ಇತರರನ್ನು ಹುರಿದುಂಬಿಸುವ ಕೆಲಸಕ್ಕೆ ನಿಲ್ಲುತ್ತಾರೆ. ಉಳಿದವರಿಗೆ, ಅಂದರೆ ಆರೋಗ್ಯವಾಗಿರುವ ನಿಮ್ಮಂಥ ಓದುಗರಿಗೆ, ದಾರಿ ತೆರೆದೇ ಇದೆ. ತೆಗೆದ ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಕೆಡದೆ ಇರುವುದಿಲ್ಲ, ಆದ್ದರಿಂದ ಕ್ಯಾನ್ಸರ್ ಆಸ್ಪತ್ರೆಗಳಿಗೆ ದಾನಿಗಳು ವರ್ಷವಿಡೀ ಬೇಕು. ಸ್ಟೆಮ್ ಸೆಲ್ ದಾನಿಯಾಗಿ ಹೆಸರು ಬರೆಸಲು ಬೆಂಗಳೂರಿನಲ್ಲೇ ಡಿಕೆಎಂಎಸ್ ಫೌಂಡೇಷನ್ ಇದೆ. 18ರಿಂದ 55 ವರ್ಷದೊಳಗಿನ ಆರೋಗ್ಯವಂತರು ನೋಂದಾಯಿಸಬಹುದು. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಕಳಿಸಿದರೆ ಮೊದಲ ಹಂತ ಮುಗಿಯಿತು. ಹೊಂದುವ ರೋಗಿ ಸಿಕ್ಕಾಗ ಹೆಚ್ಚಿನ ಸಂದರ್ಭಗಳಲ್ಲಿ ಆಪರೇಷನ್ ಬೇಕಾಗುವುದಿಲ್ಲ. ಕೆಲವು ದಿನ ಇಂಜೆಕ್ಷನ್ ಕೊಟ್ಟು, ಆಮೇಲೆ ಪ್ಲೇಟ್‌ಲೆಟ್ ತೆಗೆಯುವ ಹಾಗೆಯೇ ತೋಳಿನಿಂದ ರಕ್ತ ಪಡೆದು, ಬೇಕಾದ ಕೋಶಗಳನ್ನಷ್ಟೇ ಉಳಿಸಿಕೊಂಡು, ಮಿಕ್ಕಿದ್ದನ್ನು ಮೈಗೆ ಹಿಂತಿರುಗಿಸುತ್ತಾರೆ. ನಾಲ್ಕರಿಂದ ಆರು ಗಂಟೆಯ ಕೆಲಸ.